ಮಹಾನಂದಾಗೆ ಕೇಳದ ಸದ್ದು

ಪೀಣ್ಯದ ಕಾರ್ಖಾನೆಯೊಂದರಲ್ಲಿ ಲೇತ್ ನಡೆಸುವ ಬಸಲಿಂಗನ ಹಳೇ ಬೈಕು ದೀಪಾವಳಿ ಕಳೆದಾಗಿನಿಂದ ಕಟಕಟ ಎನ್ನತೊಡಗಿತ್ತು. ಕೆಲಸಕ್ಕೆ ಹೋಗುವಾಗ ಆಕ್ಸಿಲರೇಟರ್ ತಿರುವಿದಷ್ಟೂ ಸದ್ದು ಏರುತ್ತಿತ್ತು. ಮದುವೆಗೂ ಮುಂಚೆ ಕೊಂಡಿದ್ದ ಗಾಡಿ. ಅದರ ಮೇಲೆ ಅವನಿಗೆ ಪ್ರಾಣ.

ಹೆಂಡತಿ ಮಹಾನಂದಾ ಮಾತ್ರ ನಂಬಲೊಲ್ಲಳು.

"ಹಿಂದ ಕುಂತ ನನಗ ಕೇಳವಲ್ದು, ನಿಮಗಷ್ಟ ಕೇಳ್ತೈತೇನ್ರೀ? ಹೊಸಾ ಗಾಡಿ ಮ್ಯಾಲೆ ಮನಸಾಗಿರಬೇಕು!"

"ನೀ ಹತ್ತಿದ್ರ ಅದು ಸುಮ್ನಾಗ್ತೈತಿ ಮಾರಾಯ್ತಿ. ನಾ ಏನ್ ಮಾಡ್ಲಿ?"

ಲಗ್ಗೆರೆ ಮೂಲೆಯ ಮೆಕ್ಯಾನಿಕ್ ಸೀನ ಇಂಜಿನ್ನಿನ ಟ್ಯಾಪೆಟ್ ಹೊಂದಿಸಿದ, ಚೈನು ಬಿಗಿ ಮಾಡಿದ. ಸದ್ದು ಜಗ್ಗಲಿಲ್ಲ. "ಇಂಜಿನ್ ಬಿಚ್ಲೇಬೇಕು ಗುರು. ಭಾನುವಾರ ತಗೊಂಬಾ" ಅಂದುಬಿಟ್ಟ.

ಭಾನುವಾರ ಮಹಾನಂದಾಳೂ ಜೊತೆಗೆ ಹೊರಟಳು. ಬಿಚ್ಚುವ ಮುಂಚೆ ಆ ಸದ್ದನ್ನು ತಾನೂ ಕೇಳಬೇಕಂತೆ.

ಸೀನ ಗಾಡಿಗೆ ದೊಡ್ಡ ಸ್ಟ್ಯಾಂಡ್ ಹಾಕಿ ಕಿಕ್ಕರ್ ಹೊಡೆದ. ಕಟಕಟಕಟ!

"ಅಯ್ಯ, ಹೌದ್ರೀ! ಹಲ್ಲು ಕಡದಂಗ ಮಾಡಾಕತ್ತೈತಿ!" ಎಂದಳು ಮಹಾನಂದಾ. ಬಸಲಿಂಗನಿಗೆ ಕೇಸು ಗೆದ್ದಷ್ಟು ಖುಷಿ.

ಸೀನ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ಒತ್ತಿ, ಹಿಡಿಗೆ ಕಿವಿ ಕೊಟ್ಟ. ಹುಬ್ಬು ಗಂಟಾಯಿತು. "ಒಳಗಡೆ ಕ್ಲೀನಾಗಿದೆ ಗುರು. ಬೇರೆ ಎಲ್ಲಿಂದ್ಲೋ ಬರ್ತಿದೆ."

ನಿಂತೂ ನಿಂತೂ ಸಾಕಾಗಿದ್ದ ಮಹಾನಂದಾ ಸೀಟು ಹತ್ತಿ ಕೂತಳು. ಸದ್ದು ನಿಂತುಹೋಯಿತು. ಮೂವರೂ ಮುಖ ಮುಖ ನೋಡಿಕೊಂಡರು.

"ಒಂದ್ಸಲ ಇಳೀರಿ ಅಕ್ಕ."

ಕಟಕಟ.

"ಹತ್ತಿ."

ಇಂಜಿನ್ನು ಹಸುವಿನಂತೆ ಸೌಮ್ಯ.

"ನೋಡು ಸೀನಣ್ಣ, ಈಕಿನ್ನ ಕಂಡ್ರ ಇದಕ್ಕೂ ಹೆದರಿಕಿ!" ಅಂದ ಬಸಲಿಂಗ. ಮಹಾನಂದಾ ಅವನ ಬೆನ್ನಿಗೊಂದು ಗುದ್ದಿದಳು.

ಸೀನ ನಗಲಿಲ್ಲ. "ಕಾಲು ಮಾತ್ರ ಮೇಲಕ್ಕೆತ್ತಿ ಅಕ್ಕ" ಅಂದ. ಎತ್ತಿದಳು. ಕಟಕಟ ಮತ್ತೆ ಶುರು.

ಅವನು ಮಂಡಿಯೂರಿ, ಹೆಂಗಸರು ಕಾಲಿಡಲೆಂದು ಸೀರೆ ಗಾರ್ಡಿಗೆ ಕೂಡಿಸಿದ್ದ ಪಟ್ಟಿಯನ್ನು ಅಲ್ಲಾಡಿಸಿದ. ಬೋಲ್ಟು ಸಡಿಲಾಗಿತ್ತು. ಕಾಲಿನ ಭಾರವಿಲ್ಲದಾಗ ಪಟ್ಟಿ ಗಾಡಿಯ ಚೌಕಟ್ಟಿಗೆ ಬಡಿದು, ಸದ್ದು ಇಂಜಿನ್ನಿನಿಂದಲೇ ಬಂದಂತೆ ಕೇಳಿಸುತ್ತಿತ್ತು.

"ಥತ್, ಇಷ್ಟೇನಾ! ಬಿಚ್ಚಿದ್ರೆ ಇಬ್ರದ್ದೂ ಮಾನ ಹೋಗೋದು ಗುರು" ಎನ್ನುತ್ತ ಸೀನ ಸ್ಪ್ಯಾನರಿನಿಂದ ಬಿಗಿದ. ಅಲ್ಲಿಗೆ ಸದ್ದಡಗಿತು.

ಇಡೀ ಭಾನುವಾರ ಕೈಯಲ್ಲೇ ಉಳಿಯಿತು. ಇಬ್ಬರೂ ಸೀದಾ ಗಂಗಮ್ಮನ ಮಿರ್ಚಿ ಅಂಗಡಿಗೆ ಹೋದರು. ಬಸಲಿಂಗ ಗಾಡಿ ನಿಲ್ಲಿಸಿ ಬರುವಷ್ಟರಲ್ಲಿ ಮಹಾನಂದಾ ಕೈ ಬೀಸಿ ಬೀಸಿ ಹೇಳುತ್ತಿದ್ದಳು: "ನಾ ಮೊದಲಿಂದ ಹೇಳೀನಿ ಗಂಗಕ್ಕ, ಇಂಜಿನ್ದಾಗ ಏನೂ ಇಲ್ಲಂತ. ಇವ್ರು ಕೇಳ್ಬೇಕಲ್ಲ!"

ಬಸಲಿಂಗ ಬಿಸಿ ಮಿರ್ಚಿಯೊಂದನ್ನು ಬಾಯಿಗಿಟ್ಟುಕೊಂಡು, ಹೌದೆಂದು ತಲೆಯಾಡಿಸಿದ.