ಎಡಗಡೆ ಟಯರು

ಆವತ್ತು ಬೆಳಗ್ಗೆ ಶ್ರಾವಣದ ಜಿನುಗು ಬಿದ್ದೂ ಬೀಳದಂತಿತ್ತು. ಮೋಡ ಬೆಟ್ಟದ ನೆತ್ತಿಗೆ ಅಂಟಿಕೊಂಡು ಕೂತಿತ್ತು. ತಣ್ಣನೆಯ ಗಾಳಿ ಹಿಂದೂಪುರದ ಹುಣಸೆ ಮಂಡಿಗಳ ಹುಳಿವಾಸನೆಯನ್ನು ಹೊತ್ತು ಬೀದಿಬೀದಿ ತಿರುಗುತ್ತಿತ್ತು. ಓಬಳಪ್ಪನ ಟಯರಿನಂಗಡಿಯ ಮುಂದೆ ಬಿಳಿಯ ಸಫಾರಿ ಗಾಡಿ ಜಾಕಿಯ ಮೇಲೆ ಒಂದು ಕಾಲೆತ್ತಿಕೊಂಡು ನಿಂತಿತ್ತು. ಮುಂದಿನ ಎಡಗಡೆ ಚಕ್ರವನ್ನು ಬಿಚ್ಚಿ ನೆಲಕ್ಕೆ ಮಲಗಿಸಿ, ಓಬಳಪ್ಪ ಅದರ ಅಂಚಿನ ಮೇಲೆ ಅಂಗೈ ಸವರಿದ.

"ಒಳಗಡೆ ಹೊಸದರಂಗೆ ಐತೆ ಕಣಪ್ಪ. ಹೊರಗಡೆ ನೋಡು, ನುಣ್ಣಗೆ, ನನ್ನ ತಲೆ ಇದ್ದಂಗೆ."

ಗಾಡಿಯ ಯಜಮಾನ ಚೆನ್ನಕೇಶವ ನಗಲಿಲ್ಲ. ಹುಣಸೆ ವ್ಯಾಪಾರದಲ್ಲಿ ಕೈಹತ್ತಿ, ಹೋದ ವರ್ಷವಷ್ಟೇ ಆಸೆಪಟ್ಟು ಬೆಂಗಳೂರಿನಿಂದ ತಂದ ಗಾಡಿ ಅದು. ನಾಳೆ ಅದರಲ್ಲಿ ಕಲ್ಯಾಣದುರ್ಗಕ್ಕೆ ಹೋಗಿ, ಏಳು ತಿಂಗಳ ಬಸುರಿ ಮಗಳು ಗಂಗಾದೇವಿಯನ್ನು ಹೆರಿಗೆಗೆ ಕರೆತರಬೇಕು. ಅದಕ್ಕೇ ನಾಲ್ಕೂ ಟಯರು ಹೊಸದು ಹಾಕಿಸಲು ಬಂದಿದ್ದ. ಅಂಗಡಿಯ ಗೋಡೆಗೆ ಒರಗಿಸಿದ್ದ ಮೈತುಂಬ ಆಳ ಗೀರುಗಳಿದ್ದ ದಪ್ಪ ಕಚ್ಚಿನ ಟಯರುಗಳ ಮೇಲೆ ಅವನ ಕಣ್ಣು ಆಗಲೇ ಬಿದ್ದಿತ್ತು. ಬೀಗರ ಮನೆಯ ಮುಂದೆ ನಿಂತರೆ ಗಾಡಿ ಆನೆಯ ಹಾಗೆ ಕಾಣಬೇಕು ಎಂಬುದು ಅವನ ಲೆಕ್ಕ.

"ಅಲೈನ್‌ಮೆಂಟ್ ಹೋಗಿರಬೇಕು" ಎಂದ.

"ನೋಡ್ದೆ, ಸರಿಯಾಗೈತೆ. ಇದು ಬರೀ ಬಲಕ್ಕೇ ತಿರುಗಿಸಿ ತಿರುಗಿಸಿ ಸವೆದಿರೋದು." ಓಬಳಪ್ಪ ಡ್ರೈವರ್ ಪೋತಪ್ಪನ ಕಡೆ ಕಣ್ಣು ಮಿಟುಕಿಸಿದ. "ಏಮಯ್ಯಾ ಪೋತಪ್ಪ, ಗಾಡಿ ಕಟ್ಟಿ ಗಾಣ ತಿರುಗಿಸ್ತೀಯಾ ಏನು? ಎಣ್ಣೆ ಎಷ್ಟು ಬತ್ತದೆ?"

ಪೋತಪ್ಪ ಮುಖ ತಗ್ಗಿಸಿ, ಬಿಚ್ಚಿದ ನಟ್ಟುಗಳನ್ನು ಒಂದೊಂದಾಗಿ ಬಟ್ಟೆಯಲ್ಲಿ ಒರೆಸತೊಡಗಿದ.

ಅಂಗಡಿಯೊಳಗೆ ಸ್ಟೂಲಿನ ಮೇಲೆ ಕೂತಿದ್ದ ವರಲಕ್ಷ್ಮಮ್ಮ ಆ ಮಾತಿಗೆ ತಟ್ಟನೆ ತಲೆಯೆತ್ತಿದಳು. ಚೆನ್ನಕೇಶವನ ತಾಯಿ ಆಕೆ. ಮೊಮ್ಮಗಳಿಗೆ ಬಳೆ ಕೊಳ್ಳಬೇಕೆಂದು ಮಗನ ಜೊತೆ ಪೇಟೆಗೆ ಬಂದಿದ್ದಳು. ಟಯರು ಹೀಗೆ ಬಾಯಿಬಿಟ್ಟು ಚಾಡಿ ಹೇಳೀತೆಂದು ಆಕೆಗೆ ಹೊಳೆದಿರಲೇ ಇಲ್ಲ.

ಅವರ ಊರಾಚೆ, ಹುಣಸೆ ಗೋಡೌನಿನ ಪಕ್ಕದ ಬಯಲಿನಲ್ಲಿ, ಒಂದು ಬಂಡೆಗುಂಡಿನ ಮೇಲೆ ಮೂಡಿರುವ ಆಂಜನೇಯನಿದ್ದಾನೆ. ಗುಡಿಯಿಲ್ಲ, ಬಾಗಿಲಿಲ್ಲ, ಸಿಂಧೂರವೇ ಅವನಿಗೆ ಬಟ್ಟೆ. ಗಂಗಾದೇವಿಯ ಬಸುರು ಎರಡು ಸಲ ನಿಲ್ಲದೆ ಹೋಗಿತ್ತು. ಮೂರನೆಯ ಬಸುರಿನ ಸುದ್ದಿ ಬಂದ ದಿನವೇ ವರಲಕ್ಷ್ಮಮ್ಮ ಅವನ ಮುಂದೆ ಸೆರಗೊಡ್ಡಿದ್ದಳು: ಮಗು ಅತ್ತ ದನಿ ಕಿವಿಗೆ ಬೀಳುವವರೆಗೆ ದಿನಾ ಬೆಳಗಿನ ಜಾವ ನಿನ್ನನ್ನು ಸುತ್ತುತ್ತೇನೆ, ಯಾರಿಗೂ ಬಾಯಿಬಿಡುವುದಿಲ್ಲ. ಆಡಿ ತೋರಿಸಿದ ಹರಕೆಯ ಫಲ ಗಾಳಿಗೆ ಹೋಗುತ್ತದೆ ಎಂದು ಆಕೆಯ ಅತ್ತೆ ಹೇಳಿಕೊಟ್ಟಿದ್ದಳು. ಮನೆಯವರು ಮುದುಕಿ ಎಂದಿನಂತೆ ಕೈಮುಗಿಯಲು ಹೋಗುತ್ತಾಳೆ ಎಂದುಕೊಂಡು ಸುಮ್ಮನಿದ್ದರು.

ಬೇಸಿಗೆ ಕಳೆಯುವಷ್ಟರಲ್ಲಿ ಮೊಣಕಾಲು ಕೈಕೊಟ್ಟಿತು. ಒಂದು ಬೆಳಗ್ಗೆ ಗುಂಡನ್ನು ತಬ್ಬಿಕೊಂಡು ಅರ್ಧ ಸುತ್ತಿನಲ್ಲೇ ನಿಂತುಬಿಟ್ಟಿದ್ದ ಆಕೆಯನ್ನು, ಗಾಡಿ ತೊಳೆಯಲು ಗೋಡೌನಿಗೆ ಬಂದಿದ್ದ ಪೋತಪ್ಪ ನೋಡಿದ. ಏನನ್ನೂ ಕೇಳಲಿಲ್ಲ. ಗಾಡಿ ತಂದು ಬಾಗಿಲು ತೆಗೆದು, "ಕಾಲು ದೇವ್ರು ಕೊಟ್ಟಿದ್ದೇ, ಚಕ್ರನೂ ದೇವ್ರೇ ಕೊಟ್ಟಿದ್ದು ಅನ್ಕೊಳವ್ವಾ, ಹತ್ತು" ಎಂದ. ಆಮೇಲೆ ಆಕೆ ಯಾರಿಗೂ ಹೇಳಕೂಡದೆಂದು ಅವನಿಂದಲೂ ಮಾತು ತೆಗೆದುಕೊಂಡಳು. ಅಲ್ಲಿಂದ ದಿನವೂ ಆ ಬಿಳಿಯ ಗಾಡಿ ಹನುಮಂತನನ್ನು ಬಲಕ್ಕಿಟ್ಟುಕೊಂಡು, ಗರಸು ನೆಲದ ಮೇಲೆ ಮೆಲ್ಲಗೆ ಸುತ್ತಿನ ಮೇಲೆ ಸುತ್ತು ಹಾಕುತ್ತ ಬಂತು. ಆಕೆಯ ಮೊಣಕಾಲು ಉಳಿಯಿತು, ಎಡಗಡೆ ಟಯರು ಸವೆಯಿತು.

ಹೊರಗೆ ಚೆನ್ನಕೇಶವನ ದನಿ ಏರಿತ್ತು. "ನಂಗೆ ಆವತ್ತೇ ಅನುಮಾನ ಬಂದಿತ್ತು ಕಣ್ಲಾ. ಬೆಳಗ್ಗೆ ಬಾನೆಟ್ ಮುಟ್ಟಿದ್ರೆ ಬೆಚ್ಚಗಿತ್ತು. ಕೊಡಿಕೊಂಡ ಚೆಕ್‌ಪೋಸ್ಟಿಗೆ ಬಾಡಿಗೆ ಹೊಡೀತಿದ್ದೀಯಾ?"

"ಇಲ್ಲಣ್ಣಾ. ಒಂದು ಬಾಡಿಗೆನೂ ಹೊಡ್ದಿಲ್ಲ."

"ಮತ್ತೆ ಎಲ್ಲಿಗೆ ತಗೊಂಡೋಗ್ತಿದ್ದೆ?"

ಪೋತಪ್ಪ ಒಳಗೆ ನೋಡಲಿಲ್ಲ. ನೋಡದಿರಲು ಅವನು ಪಡುತ್ತಿದ್ದ ಕಷ್ಟ ವರಲಕ್ಷ್ಮಮ್ಮನಿಗೆ ಕೂತಲ್ಲಿಂದಲೇ ಕಾಣುತ್ತಿತ್ತು.

"ಕೇಳಬೇಡಣ್ಣಾ" ಎಂದ ಕೊನೆಗೆ.

"ಸರಿ, ಕೇಳಲ್ಲ. ಕೀ ಕೊಡು. ನಾಳೆ ಕಲ್ಯಾಣದುರ್ಗಕ್ಕೆ ನಾನೇ ಓಡುಸ್ಕೊಂಡು ಹೋಯ್ತೀನಿ. ನೀನು ಬೇರೆ ಕಡೆ ಕೆಲಸ ನೋಡ್ಕೋ."

ಪೋತಪ್ಪ ಜೇಬಿಗೆ ಕೈಹಾಕಿ ಕೀ ತೆಗೆದು ಕೊಟ್ಟ. ಓಬಳಪ್ಪ ತಾನು ಆಡಿದ ತಮಾಷೆ ಹೀಗೆ ಬೆಂಕಿ ಹತ್ತಿಸಿತಲ್ಲ ಎಂದು ಪೇಚಾಡುತ್ತ ಪಾನಾ ಕೆಳಗಿಟ್ಟ.

ವರಲಕ್ಷ್ಮಮ್ಮ ಕಣ್ಣು ಮುಚ್ಚಿದಳು. ಇನ್ನು ಎರಡೇ ತಿಂಗಳು. ಬಾಯಿ ತೆಗೆದರೆ ಹರಕೆ ಕೆಡುತ್ತದೆ. ಆ ಹುಡುಗಿಯ ಒಡಲಲ್ಲಿರುವ ಜೀವಕ್ಕೆ ಏನಾದರೂ ಆದರೆ ಈ ನಾಲಿಗೆಯನ್ನು ಏನು ಮಾಡುವುದು? ಬಾಯಿ ತೆಗೆಯದಿದ್ದರೆ, ಈ ಮನುಷ್ಯ ಕಳ್ಳನೆಂಬ ಹೆಸರು ಹೊತ್ತು ಹೆಂಡತಿ ಮಕ್ಕಳ ಮುಂದೆ ಹೋಗಿ ನಿಲ್ಲುತ್ತಾನೆ. ಸ್ವಾಮೀ, ನೀನೇ ಹೇಳು ಎಂದು ಕೇಳಿದಳು. ಸಿಂಧೂರದ ಮುಖ ಮಾತಾಡಲಿಲ್ಲ. ಆದರೆ ಆಕೆಯ ಮನಸ್ಸೇ ಕೇಳಿತು: ಇನ್ನೊಬ್ಬನ ಅನ್ನ ಕಿತ್ತು ತಂದ ಫಲವನ್ನು ಆ ಮಗು ಹೊತ್ತುಕೊಂಡು ಹುಟ್ಟಬೇಕೇನು?

ಗೋಡೆ ಹಿಡಿದು ಎದ್ದು ಹೊರಗೆ ಬಂದಳು.

"ಅವನು ಗಾಣ ತಿರುಗಿಸ್ಲಿಲ್ಲ ನಾಯನಾ. ನನ್ನ ತಿರುಗಿಸ್ದ."

ಚೆನ್ನಕೇಶವನಿಗೆ ಅರ್ಥವಾಗಲಿಲ್ಲ. ಆಕೆ ನಿಂತಲ್ಲೇ ಎಲ್ಲವನ್ನೂ ಹೇಳಿದಳು: ಗಂಗಾದೇವಿಯ ಹೆಸರಿನ ಹರಕೆ, ಬಯಲಾಂಜನೇಯ, ಕೈಕೊಟ್ಟ ಕಾಲು. ಹೇಳಿ ಮುಗಿಸಿ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಹೇಳ್ಬಾರ್ದಾಗಿತ್ತು. ಹೇಳ್ಬುಟ್ಟೆ. ಆ ಸ್ವಾಮಿ ಏನು ಮಾಡ್ತಾನೋ."

ಓಬಳಪ್ಪ ತಲೆ ಸವರಿಕೊಂಡು, "ಏನೂ ಮಾಡಲ್ಲ ಬಿಡವ್ವಾ. ನೀನಾಗೆಲ್ಲಿ ಹೇಳ್ದೆ? ಮೊದ್ಲು ಹೇಳಿದ್ದು ಈ ಟಯರು. ಸಿಟ್ಟಿದ್ರೆ ಇದರ ಮೇಲೆ ತೀರಿಸ್ಕೊಳ್ಲಿ" ಎಂದು ಚಕ್ರವನ್ನು ಕಾಲಿನಿಂದ ತಟ್ಟಿದ. ವರಲಕ್ಷ್ಮಮ್ಮನಿಗೆ ಅಳುವಿನ ನಡುವೆಯೇ ನಗು ಬಂತು.

ಚೆನ್ನಕೇಶವ ಬಗ್ಗಿ ಆ ಬೋಳು ಅಂಚಿನ ಮೇಲೆ ಬೆರಳಾಡಿಸಿದ. ಆಮೇಲೆ ದಪ್ಪ ಕಚ್ಚಿನ ಟಯರುಗಳ ಕಡೆ ತಿರುಗಿ, "ಇವು ಹೆಂಗೆ?" ಎಂದ.

"ಕಲ್ಲು ಮುಳ್ಳಿಗೆ ಗಟ್ಟಿ. ಆದ್ರೆ ಟಾರು ರೋಡಲ್ಲಿ ಗುಂಯ್ ಅಂತವೆ, ಕುಲುಕಾಟ ಜಾಸ್ತಿ. ಬಸುರಿ ಕೂರೋ ಗಾಡಿಗೆ ನಾನಾದ್ರೆ ಹಾಕಲ್ಲ."

"ಮೆತ್ತಗೆ ಓಡೋದು?"

ಓಬಳಪ್ಪ ಒಳಗಿನಿಂದ ಸಣ್ಣ ಕಚ್ಚಿನದನ್ನು ಉರುಳಿಸಿಕೊಂಡು ಬಂದ. ನೋಡಲು ಸಪ್ಪೆ. ಚೆನ್ನಕೇಶವ ಹೆಬ್ಬೆರಳಿನಿಂದ ಒತ್ತಿ ನೋಡಿದ. "ಇದೇ ಹಾಕು. ನಾಲ್ಕಕ್ಕೂ." ಬಳಿಕ, "ಸ್ವಾಮೀನ ಸುತ್ತಾಕೆ ತಡೀತೈತಾ?" ಎಂದು ಮೆಲ್ಲಗೆ ಕೇಳಿದ.

"ಆಗಾಗ ಎಡದ್ದು ಬಲಕ್ಕೆ ಬದಲಾಯಿಸ್ಕೊಂಡ್ರೆ ತಡೀತೈತೆ."

ವಾಪಸು ಬರುವಾಗ ಚೆನ್ನಕೇಶವನೇ ಗಾಡಿ ಓಡಿಸಿದ. ಪೋತಪ್ಪ ಪಕ್ಕದ ಸೀಟಿನಲ್ಲಿ ಪರರ ಮನೆಗೆ ಬಂದವನಂತೆ ಕೈಕಟ್ಟಿ ಕೂತಿದ್ದ. ಹೊಸ ಟಯರುಗಳ ಮೇಲೆ ಗಾಡಿ ನೀರಿನ ಮೇಲೆ ತೇಲಿದ ಹಾಗೆ ಹೋಗುತ್ತಿತ್ತು. ಹಿಂದೆ ಕೂತ ವರಲಕ್ಷ್ಮಮ್ಮನಿಗೆ ಮೊಮ್ಮಗಳು ಈಗಲೇ ತನ್ನ ಹೆಗಲಿಗೆ ಒರಗಿ ನಿದ್ದೆ ಮಾಡುತ್ತಿದ್ದಾಳೆ ಎನಿಸಿತು. ಊರು ಸಿಗುವ ಮೊದಲೇ ಗಾಡಿ ಬಯಲಿನ ಕಡೆ ಹೊರಳಿ ಗುಂಡಿನ ಮುಂದೆ ನಿಂತಿತು. ಮೋಡ ಹರಿದು ಆಂಜನೇಯನ ಮೇಲೆ ಎಳೆ ಬಿಸಿಲು ಬಿದ್ದಿತ್ತು.

ಚೆನ್ನಕೇಶವ ಇಳಿದು ಚಪ್ಪಲಿ ಬಿಟ್ಟ, ಪಂಚೆ ಎತ್ತಿ ಕಟ್ಟಿದ. "ಇನ್ಮೇಲೆ ನಡೆಯೋದು ನಂದು ಕಣಮ್ಮ. ನೀನು ಗಾಡೀಲಿ ಕೂತು ಹಿಂದೆ ಬಾ" ಎಂದ. ಗಾಡಿಯ ಮುಂದಿನಿಂದ ಬಳಸಿ ಎಡಗಡೆಗೆ ಬಂದು ಬಾಗಿಲು ತೆಗೆದ. ಪೋತಪ್ಪ ಗಡಿಬಿಡಿಯಿಂದ ಇಳಿದು ನಿಂತ. ಚೆನ್ನಕೇಶವ ಅವನ ಕೈ ಹಿಡಿದು, ಅಂಗೈ ಬಿಡಿಸಿ, ಕೀಯನ್ನು ಅದರಲ್ಲಿಟ್ಟು ಬೆರಳು ಮಡಿಸಿದ.