ಅಂಜೂರವನ್ನು ಮಲಗಿಸುವ ದಿನ

ಮೂರನೆಯ ಹಿಡಿ ಮಣ್ಣನ್ನು ಗುಂಡಿಗೆ ಹಾಕದೆ ಪುಟ್ಟಿ ಬೆರಳುಗಳ ನಡುವೆ ಹಿಸುಕಿ ನೋಡುತ್ತಿದ್ದಳು. ಅದು ಪುಡಿಯಾಗಲಿಲ್ಲ. ಮುದ್ದೆಗಟ್ಟಿ ಅಂಗೈಯಲ್ಲಿ ತಣ್ಣಗೆ ಕೂತಿತು.

"ಹಾಕೇ," ಅಣ್ಣ ಹಲ್ಲು ಕಚ್ಚಿ ಪಿಸುಗುಟ್ಟಿದ. "ಎಲ್ಲರೂ ನೋಡ್ತಿದಾರೆ."

ಹಾಕಿದಳು. ಗುಂಡಿ ತೋಡಿದವನು ಸಲಿಕೆಗೆ ಒರಗಿ ಮೂಗು ಒರೆಸಿಕೊಂಡ. "ಪುಣ್ಯಾತ್ಮ, ದಿನ ನೋಡ್ಕೊಂಡೇ ಹೋಗಿದಾರೆ. ಇವತ್ತು ರಾತ್ರಿ ನೆಲ ಹೆಪ್ಪುಗಟ್ಟುತ್ತೆ. ನಾಳೆ ಆಗಿದ್ರೆ ನನ್ನ ಸಲಿಕೆ ಮುರೀತಿತ್ತು."

ಇವತ್ತು ರಾತ್ರಿ! ಅಪ್ಪನನ್ನು ಮಣ್ಣಿಗಿಟ್ಟಾಯಿತು. ಅಪ್ಪನ ಅಂಜೂರ ಮಾತ್ರ ಇನ್ನೂ ಹಿತ್ತಲಲ್ಲಿ ನಿಂತೇ ಇತ್ತು.

*

ಬಸ್ ನಿಲ್ದಾಣದ ಪಕ್ಕ ಕಪಾಟಿನಷ್ಟೇ ಅಗಲದ ಅಂಗಡಿಯಲ್ಲಿ ಕೂತು ಅಪ್ಪ ಜೀವಮಾನವೆಲ್ಲ ಬೀಗ ರಿಪೇರಿ ಮಾಡಿದ. ಊರಿಗೆಲ್ಲ ಅವನು ಕೀಲಿಯಜ್ಜ. ಬಿಸಿಲ ನಾಡಿನಿಂದ ಬಂದ ಗಿರಾಕಿಯೊಬ್ಬ, ಕೀಲಿ ಕಳೆದ ಪೆಟ್ಟಿಗೆ ತೆರೆಸಿಕೊಂಡ ಖುಷಿಗೆ, ಒದ್ದೆ ಕಾಗದದಲ್ಲಿ ಸುತ್ತಿದ ಒಂದು ಕಡ್ಡಿ ಕೊಟ್ಟು ಹೋಗಿದ್ದ. ಈ ಚಳಿಗೆ ಅಂಜೂರ ಬರುತ್ತದೆಯೇ ಎಂದು ಬೀದಿಗೆ ಬೀದಿಯೇ ನಕ್ಕಿತು.

ಬಂತು. ಆದರೆ ಕತೆಯೊಳಗಿನ ರಾಜಕುಮಾರಿಯ ಹಾಗೆ ಅದು ಚಳಿಗಾಲವಿಡೀ ನಿದ್ದೆ ಮಾಡಬೇಕಿತ್ತು. ಎಲೆ ಉದುರುತ್ತಿದ್ದಂತೆ ಅಪ್ಪ ಕೊಂಬೆಗಳನ್ನು ಹಗ್ಗದಿಂದ ಒಟ್ಟಿಗೆ ಬಿಗಿದು, ಒಂದು ಬದಿಯಲ್ಲಿ ಆಳುದ್ದದ ಗುಂಡಿ ತೋಡಿ, ಇನ್ನೊಂದು ಬದಿಯ ಬೇರುಗಳನ್ನು ಮಾತ್ರ ಕಡಿದು, ಇಡೀ ಮರವನ್ನು ಮೆಲ್ಲಗೆ ಗುಂಡಿಗೆ ಒರಗಿಸುತ್ತಿದ್ದ. ಮೇಲೆ ಗೋಣಿತಾಟು, ತರಗೆಲೆ, ಮಣ್ಣು. ಚಳಿ ಹೋದ ಮೇಲೆ ಮತ್ತೆ ಎಬ್ಬಿಸಿ ನಿಲ್ಲಿಸುವುದು.

"ಬಾಗಿಲಿಗೆ ಕೀಲು ಇರೋ ಹಾಗೆ ಮರಕ್ಕೂ ಒಂದು ಕಡೆ ಕೀಲು, ಪುಟ್ಟಿ. ಆ ಕಡೆ ಬೇರು ಮುಟ್ಟಬಾರದು. ಮುಟ್ಟಿದ್ಯೋ, ಬಾಗಿಲೇ ಕಿತ್ಕೊಂಡು ಕೈಗೆ ಬರುತ್ತೆ."

ಅವಳು ಚಿಕ್ಕವಳಿದ್ದಾಗ, ಮರ ಬಾಗಲೆಂದು ಭಾರಕ್ಕೆ ಅವಳನ್ನು ಕವಲಿನ ಮೇಲೆ ಕೂರಿಸುತ್ತಿದ್ದ. ಹೆದರಿಕೆಗೆ ಅವಳು ಕಣ್ಣು ಮುಚ್ಚಿಕೊಂಡೇ ಇರುತ್ತಿದ್ದಳು. ಕೆಲಸ ಮುಗಿದ ಮೇಲೆ ಅಪ್ಪ ಸಲಿಕೆಯ ಹಿಡಿಯಿಂದ ಅಡಿಗೆಮನೆಯ ಕಿಟಕಿಗೆ ಎರಡು ಸಲ ತಟ್ಟುತ್ತಿದ್ದ. ಒಲೆಯಿಂದ ಮುಖ ತಿರುಗಿಸದೆ ಅಮ್ಮ ಒಂದು ಲೋಟ ಚಹಾ ಹೊರಗೆ ಚಾಚುತ್ತಿದ್ದಳು. ಜೊತೆಗೆ ಬೈಗುಳ ಪುಕ್ಕಟೆ. "ನನ್ನ ಸವತಿ ಮಲಗಿದ್ಲಾ? ಅವಳಿಗೆ ಹೊದಿಸಿದ್ದರಲ್ಲಿ ಅರ್ಧ ನನಗೆ ಹೊದಿಸಿದ್ರೆ ನನ್ನ ಕೆಮ್ಮಾದ್ರೂ ಹೋಗ್ತಿತ್ತು!"

*

ಮನೆ ತುಂಬ ಜನ. ಅಮ್ಮ ಬೆಳಗಿನಿಂದ ಅತ್ತಿಲ್ಲ, ತುಟಿ ಬಿಚ್ಚಿಲ್ಲ. ಅಡಿಗೆಮನೆಯಲ್ಲಿ ಆರಿದ ಒಲೆಯ ಮುಂದೆ ಕೂತುಬಿಟ್ಟಿದ್ದಳು.

ಪುಟ್ಟಿ ಕೈ ತೊಳೆಯದೆ ಹಿತ್ತಲಿಗೆ ನಡೆದಳು. ಕೊಂಬೆಗಳನ್ನು ಬಿಗಿದು ಸಲಿಕೆ ಎತ್ತಿಕೊಂಡವಳು ಹಾಗೇ ನಿಂತಳು. ಒಂದು ಕಡೆ ಬೇಲಿಯವರೆಗೆ ಬಯಲು. ಇನ್ನೊಂದು ಕಡೆ ಅಡಿಗೆಮನೆಯ ಗೋಡೆ. ಯಾವ ಕಡೆ? ಎಷ್ಟೋ ಸಲ ಮರದ ಜೊತೆ ನೆಲಕ್ಕಿಳಿದಿದ್ದಾಳೆ. ಒಂದು ಸಲವಾದರೂ ಕಣ್ಣು ಬಿಟ್ಟಿದ್ದರೆ!

ಒಳಗಿನಿಂದ ಚಿಕ್ಕಮ್ಮನ ದನಿ ಕೇಳಿತು. "ಹೆಣ ಮಣ್ಣಾಗಿ ಗಂಟೆ ಆಗಿಲ್ಲ, ಇವಳು ತೋಟ ಮಾಡ್ತಾಳಂತೆ!"

"ಪಾಪ, ಮಾಡ್ಲಿ ಬಿಡಿ," ಕ್ಷೌರದಂಗಡಿಯವರು ಗಂಟಲು ಸರಿಮಾಡಿಕೊಂಡರು. "ಕೀಲಿಯಜ್ಜನ ಮಗಳಲ್ವಾ? ಅರ್ಧ ಗಡ್ಡ ಬೋಳಿಸಿರೋವಾಗ ಎದ್ದು ಓಡಿದ ಮನುಷ್ಯ ಅವರು, ಇಬ್ಬನಿ ಹೆಪ್ಪುಗಟ್ಟುತ್ತೆ, ಮರ ಮಲಗಿಸ್ಬೇಕು ಅಂತ."

ಯಾರೋ ನಕ್ಕು, ನಕ್ಕದ್ದಕ್ಕೆ ಕೆಮ್ಮಿದರು. ಅಣ್ಣ ದಡದಡನೆ ಹೊರಗೆ ಬಂದ.

"ಅಪ್ಪನ್ನ ಹೂತ ಮಣ್ಣು ಉಗುರಲ್ಲೇ ಇದೆ, ಮತ್ತೆ ಅಗಿಯೋಕೆ ನಿಂತ್ಯಾ? ಜನ ಏನಂತಾರೆ?"

"ಕತ್ತಲಾಗೋದ್ರೊಳಗೆ ಮಲಗಿಸದಿದ್ರೆ ಬೆಳಗ್ಗೆ ಇದೂ ಇರಲ್ಲ, ಅಣ್ಣ."

"ಹೋಗ್ಲಿ. ನನ್ನ ಪರೀಕ್ಷೆ ದಿನ ಮರೆತ, ಇದರ ದಿನ ಒಂದು ವರ್ಷಾನೂ ಮರೀಲಿಲ್ಲ ಅಪ್ಪ."

ಆಕಾಶ ತಾಮ್ರದ ಬಣ್ಣಕ್ಕೆ ತಿರುಗಿತ್ತು. ಅಣ್ಣ ಮರವನ್ನೊಮ್ಮೆ ನೋಡಿದ, ತಂಗಿಯ ಕೈಯಲ್ಲಿದ್ದ ಸಲಿಕೆ ನೋಡಿದ.

"ಕೊಡು ಇಲ್ಲಿ," ಸಲಿಕೆ ಕಿತ್ತುಕೊಂಡ. "ಜಾಗ ಇರೋದು ಬೇಲಿ ಕಡೆ. ಆ ಕಡೆ ಮಲಗಿಸಬೇಕು ಅಂದ್ರೆ ಗೋಡೆ ಕಡೆ ಬೇರು ಕಡೀಬೇಕು. ಇಷ್ಟಕ್ಕೆ ಏನು ಯೋಚನೆ?"

ಗೋಡೆಯ ಬದಿಗೆ ಸಲಿಕೆ ಊರಿದ. ಠಣ್ಣೆಂದು ಪುಟಿಯಿತು. ಮಣ್ಣು ಸರಿದಲ್ಲಿ ಮಣಿಕಟ್ಟಿನಷ್ಟು ದಪ್ಪದ ಬೇರು. ಅಣ್ಣ ಮತ್ತೆ ಸಲಿಕೆ ಎತ್ತಿದ. ಪುಟ್ಟಿ ಬೇರಿನ ಮೇಲೆ ಕಾಲಿಟ್ಟಳು.

"ಕಾಲು ತೆಗಿ."

"ತೆಗೆಯಲ್ಲ. ವರ್ಷವರ್ಷ ಕಡಿದ ಬೇರು ಇಷ್ಟು ದಪ್ಪ ಇರುತ್ತಾ?"

"ಮತ್ತೆ ಅಪ್ಪ ಗೋಡೆ ಕಡೆಗಾ ಮಲಗಿಸ್ತಿದ್ದ? ತಲೆ ಕಿಟಕಿಗೆ ಬಡಿಯುತ್ತೆ! ತೆಗಿ ಅಂದ್ನಲ್ಲ, ಬೀಳುತ್ತೆ ಏಟು!"

ಕಿಟಕಿಯ ಚಿಲಕ ಕಿರುಗುಟ್ಟಿತು.

"ಬಡಿಯಲ್ಲ." ಬೆಳಗಿನಿಂದ ಮೊದಲ ಬಾರಿ ಅಮ್ಮನ ದನಿ. ಒಣಗಿ ಸೀಳಿಹೋಗಿತ್ತು. "ತಲೆ ಸರಿಯಾಗಿ ಕಿಟಕಿ ಕೆಳಗೆ ಬರುತ್ತೆ. ಒಲೆ ಇರೋ ಗೋಡೆ, ಬೆಚ್ಚಗಿರುತ್ತೆ ಅಂತ. ಬೇಡ ಬೇಡ ಅಂದ್ರೂ ನನ್ನ ಸವತಿನ ನನ್ನ ಒಲೆ ಬೆನ್ನಿಗೇ ತಂದು ಮಲಗಿಸ್ತಿದ್ರು ನಿಮ್ಮಪ್ಪ."

ಕಿಟಕಿ ಮುಚ್ಚಿತು.

ಅಣ್ಣ ಸಲಿಕೆ ಇಳಿಸಿದ. ಅದರ ಅಂಚು ಬೇರಿನ ತೊಗಟೆಯನ್ನು ಉಗುರಿನಷ್ಟು ಕೆತ್ತಿತ್ತು. ಹಾಲಿನಂಥ ಬಿಳಿ ಸೊನೆ ಒಸರುತ್ತಿತ್ತು. ಅವನು ಅದರ ಮೇಲೆ ಮಣ್ಣು ಮೆತ್ತಿ ಒತ್ತಿದ. ಗೋಡೆಯ ಕಡೆ ಗುಂಡಿ ತೋಡಿ, ಬೇಲಿಯ ಕಡೆಗೆ ಹೋದ. ಅಲ್ಲಿ ನೂಲಿನಂಥ ಎಳೆಯ ಬೇರುಗಳು ಸಲಿಕೆಗೆ ಸರಾಗವಾಗಿ ತುಂಡಾದವು. ಪುಟ್ಟಿ ಕವಲಿನ ಮೇಲೆ ಭಾರ ಬಿಟ್ಟಳು. ಮರ ನರಳಿತು, ತಡೆಯಿತು, ಆಮೇಲೆ ನಿಧಾನಕ್ಕೆ ಒಲಿಯಿತು. ಈ ಸಲ ಅವಳು ಕಣ್ಣು ಮುಚ್ಚಲಿಲ್ಲ. ಕಿಟಕಿ ಹತ್ತಿರ ಹತ್ತಿರ ಬಂತು. ಗಾಜಿನಾಚೆ ಒಲೆಯಲ್ಲಿ ಬೆಂಕಿ ಹೊತ್ತಿಕೊಂಡಿತ್ತು.

ಗೋಣಿ, ತರಗೆಲೆ, ಮಣ್ಣು. ಎಲ್ಲ ಮುಗಿದಾಗ ಬೇಲಿಯ ತಂತಿಯ ಮೇಲೆ ಆಗಲೇ ಹಿಮದ ಬಿಳಿ ಹುಡಿ ಕೂತಿತ್ತು. ಅಣ್ಣ ಸಲಿಕೆಯನ್ನು ಗೋಡೆಗೆ ಒರಗಿಸಹೋದ. ಅದು ಜಾರಿ, ಹಿಡಿ ಕಿಟಕಿಗೆ ಬಡಿಯಿತು. ಒಂದು ಸಲ, ಇನ್ನೊಂದು ಸಲ.

ಕಿಟಕಿ ತೆರೆಯಿತು. ಒಲೆಯಿಂದ ಮುಖ ತಿರುಗಿಸದೆ ಅಮ್ಮ ಕೈ ಹೊರಗೆ ಚಾಚಿದಳು. ಕೈಯಲ್ಲಿ ಒಂದೇ ಒಂದು ಲೋಟ, ಹೊಗೆಯಾಡುತ್ತಿತ್ತು. ಅಣ್ಣ ತಂಗಿಯನ್ನು ನೋಡಿದ, ತಂಗಿ ಅಣ್ಣನನ್ನು. ಇಬ್ಬರೂ ಮುಂದೆ ಬರಲಿಲ್ಲ. ಅಮ್ಮನ ಕೈ ಕಾಯುತ್ತಲೇ ಇತ್ತು.