ಕೆಲಸದಲ್ಲಿ ಕಲಿತದ್ದು

ಶವದ ಕಾಲ ಬಳಿ ಹಾರ ಇಡಲು ಬಗ್ಗಿದಾಗಲೇ ಸೂಪರ್‌ವೈಸರರ ಜೇಬಿನಲ್ಲಿ ಫೋನು ನಾಲ್ಕನೇ ಸಲ ಬಡಿದುಕೊಂಡಿತು. ಆಸ್ಪತ್ರೆಯ ಬಟ್ಟೆ ಒಗೆಯುವ ಲಾಂಡ್ರಿಯಿಂದ ಕರೆ. ಬಾಯ್ಲರ್ ಹೊತ್ತಿಕೊಳ್ಳುತ್ತಿಲ್ಲ. ಇಪ್ಪತ್ತೆರಡು ವರ್ಷ ಅದನ್ನು ಹೊತ್ತಿಸಿದ ಆಪರೇಟರ್ ಇಲ್ಲಿ ಮಲಗಿದ್ದಾನೆ. ಮೊನ್ನೆಯವರೆಗೆ ಗುಂಡುಕಲ್ಲಿನ ಹಾಗಿದ್ದ ಮನುಷ್ಯ.

"ಅಮ್ಮಾ, ತಪ್ಪು ತಿಳ್ಕೋಬೇಡಿ," ಸೂಪರ್‌ವೈಸರ್ ಅವನ ಹೆಂಡತಿಯ ಬಳಿ ದನಿ ತಗ್ಗಿಸಿದರು. "ನಾಳೆ ಆಪರೇಷನ್‌ಗೆ ಬಟ್ಟೆ ಇಲ್ವಂತೆ. ಬಾಯ್ಲರ್ ಬಗ್ಗೆ ಅವರು ಏನಾದ್ರೂ ಬರ್ದಿಟ್ಟಿದ್ರಾ?"

"ಬರ್ದಿದ್ರು ಸಾರ್. ನಿಮ್ಗೇ ತಂದು ಕೊಟ್ಟಿದ್ರಲ್ಲ, ಮೂರು ಸಲ."

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಮಾತಿನ ಮೊನಚು ಮಾತ್ರ ಹಾಗೇ ಇತ್ತು.

*

ಮೂರು ವರ್ಷದ ಹಿಂದೆ ಪಾಲಿಟೆಕ್ನಿಕ್‌ನವರು ಕೆಲಸಗಾರರಿಗೆಂದು ಸಂಜೆ ಡಿಪ್ಲೊಮಾ ಶುರುಮಾಡಿದರು. ಆಪರೇಟರನ ಹಾಗೆ ತರಬೇತಿ ಸರ್ಟಿಫಿಕೇಟು ಇದ್ದವರಿಗೆ ನೇರ ಎರಡನೇ ವರ್ಷಕ್ಕೆ ಸೀಟು. ಆದರೆ ಕೆಲಸದಲ್ಲಿ ಕಲಿತದ್ದನ್ನೆಲ್ಲ ಅರ್ಜಿಯಲ್ಲಿ ಬರೆದು, ಮೇಲಿನವರ ಸಹಿ ಹಾಕಿಸಿ ತರಬೇಕು. ಆಪರೇಟರ್ ಒಂದು ತಿಂಗಳು ಅಡುಗೆಮನೆಯ ಮೇಜಿಗೆ ಅಂಟಿಕೊಂಡು ಹನ್ನೊಂದು ಹಾಳೆ ಬರೆದ. ಕಾಗುಣಿತ ಮಗಳು ತಿದ್ದಿದಳು.

"ಸಂಜೆ ನೀನು ಕ್ಲಾಸಿಗೆ ಹೋದ್ರೆ ಬಾಯ್ಲರ್ ಯಾರಪ್ಪಾ ನೋಡ್ಕೊಳ್ಳೋದು?" ಎಂದರು ಸೂಪರ್‌ವೈಸರ್, ಒಂದು ಹಾಳೆಯನ್ನೂ ತಿರುವದೆ. "ಮುಂದಿನ ವರ್ಷ ನೋಡೋಣ."

ಮುಂದಿನ ವರ್ಷವೂ ಅದೇ ರಾಗ. ಮೂರನೇ ಸಲ ಹಾಳೆಗಳನ್ನು ವಾಪಸು ಹೊತ್ತು ತಂದವನು ಹೆಂಡತಿಯೆದುರು ನಕ್ಕುಬಿಟ್ಟ.

"ನಾನು ಇಷ್ಟು ಚೆನ್ನಾಗಿ ಕೆಲಸ ಕಲೀಬಾರದಿತ್ತು ಕಣೇ."



*

ಮಗಳು ಹಾಳೆಗಳನ್ನು ತಂದುಕೊಟ್ಟಳು. ಸೂಪರ್‌ವೈಸರ್ ಅವನ್ನು ಹಿಡಿದು ಬಾಗಿಲ ಕಡೆ ಹೊರಟರು.

"ಹೊರಗ್ ಹೋಗ್ಬೇಡಿ ಸಾರ್," ಎಂದಳು ಹೆಂಡತಿ, ಗಂಡನ ಮುಖ ನೋಡುತ್ತಾ. "ಇಲ್ಲೇ ಓದಿ. ಅವರೂ ಕೇಳ್ಲಿ."

ಸೂಪರ್‌ವೈಸರ್ ಲಾಂಡ್ರಿಗೆ ಕರೆ ಮಾಡಿ, ಫೋನನ್ನು ಸ್ಪೀಕರಿಗೆ ಹಾಕಿ ಕುರ್ಚಿಯ ಮೇಲಿಟ್ಟರು. "ಬೆಂಕಿ ಹತ್ತುತ್ತೆ ಸಾರ್, ತಕ್ಷಣ ಆರೋಗುತ್ತೆ," ಎಂದಿತು ಲಾಂಡ್ರಿಯ ದನಿ. ಸೂಪರ್‌ವೈಸರ್ ಹುಡುಕಿ ಹುಡುಕಿ ಐದನೇ ಹಾಳೆಯಲ್ಲಿ ನಿಂತರು.

"'ಬೆಂಕಿ ಹತ್ತಿ ಆರಿಹೋದರೆ, ಜ್ವಾಲೆ ನೋಡುವ ಗಾಜಿಗೆ ಮಸಿ ಕಟ್ಟಿರುತ್ತದೆ. ಗಾಜಿಗೆ ಬೆಂಕಿ ಕಾಣದಿದ್ದರೆ ಬಾಯ್ಲರ್ ತಾನೇ ಎಣ್ಣೆ ನಿಲ್ಲಿಸುತ್ತದೆ. ಒಣಬಟ್ಟೆಯಲ್ಲಿ ಒರೆಸಬೇಕು. ಆಮೇಲೆ ಒಳಗೆ ಉಳಿದ ಹೊಗೆ ಹೋಗಲು ಐದು ನಿಮಿಷ ಬರೀ ಫ್ಯಾನ್ ಓಡಿಸಬೇಕು. ಅವಸರ ಮಾಡಬಾರದು.'"

ಲಾಂಡ್ರಿಯವರು ಗಾಜು ಒರೆಸಿ ಐದು ನಿಮಿಷ ಫ್ಯಾನ್ ಓಡಿಸಿದರು. ಸೂಪರ್‌ವೈಸರ್ ಕೊನೆಯ ಹಾಳೆಗೆ ಬಂದಿದ್ದರು. ಅಲ್ಲಿ ಅವರದೇ ಹುದ್ದೆಯ ಹೆಸರು, ಅದರ ಮೇಲೆ ಸಹಿಗೊಂದು ಖಾಲಿ ಗೆರೆ. ಕೈ ತಾನಾಗಿ ಜೇಬಿನ ಪೆನ್ನಿಗೆ ಹೋಯಿತು.

"ಈಗ್ಯಾಕೆ ಸಾರ್?" ಎಂದಳು ಹೆಂಡತಿ.

ಅಷ್ಟರಲ್ಲಿ ಫೋನಿನಲ್ಲಿ ಧಗ್ಗೆಂದು ಸದ್ದಾಯಿತು. ಹಿಂದೆಯೇ ಹತ್ತಾರು ದನಿಗಳು. "ಹತ್ತಿತು ಸಾರ್! ಹತ್ತಿತು!" ಚಪ್ಪಾಳೆ, ಸಿಳ್ಳೆ. ಸೂಪರ್‌ವೈಸರ್ ಗಾಬರಿಯಲ್ಲಿ ಕರೆ ಕತ್ತರಿಸುವ ಗುಂಡಿ ಸಿಗದೆ ಫೋನಿನ ಮೇಲೆ ಎರಡೂ ಅಂಗೈ ಒತ್ತಿ ಹಿಡಿದರು. ಬೆರಳ ಸಂದಿಯಿಂದ ಕೇಕೆ ಹೊರಬರುತ್ತಲೇ ಇತ್ತು.